ಜಡ್ಜ್ ಮೇಲೆ ದೂರು ಕೊಡಬಹುದಾ? ನಾವು ಕೊಟ್ಟೆವು

ಜಡ್ಜ್ ಮೇಲೆ ದೂರು ಕೊಡಬಹುದಾ ಅಂತ ಈಗ ಊರಿನಲ್ಲಿ ಯಾರಾದರೊಬ್ಬರು ನನ್ನ ಹತ್ತಿರ ಕೇಳುತ್ತಲೇ ಇರುತ್ತಾರೆ. ಕೊಡಬಹುದು. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ದೂರು ಕೊಟ್ಟ ಮಾತ್ರಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ನಾವು ಕೊಟ್ಟಿದ್ದೇವೆ, ಮನೆಯಲ್ಲೇ ಇದ್ದೇವೆ. ಆದರೆ ದೂರು ಕೊಟ್ಟ ಮೇಲೆ ಏನಾಯಿತು ಅಂತ ಕೊಟ್ಟವರಿಗೆ ಗೊತ್ತಾಗುತ್ತದಾ ಅಂತ ಕೇಳಿದರೆ ಮಾತ್ರ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬಡಗು ಭಾಗ. ಗುಡ್ಡದ ಬುಡದಲ್ಲಿ ಅಡಕೆ ತೋಟ. ಈ ಕಡೆಯವರಿಗೆ ಸುರಂಗ ಅಂದರೆ ಏನು ಅಂತ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಒಳಗೆ ಹೋಗುವಷ್ಟು ಅಗಲಕ್ಕೆ ಮುರಕಲ್ಲು ಕೊರೆದು ಮಾಡಿದ ಬಿಲ. ಒಳಗೆ ಜಿನುಗುವ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಸುರಂಗದ ನೀರು ಪಕ್ಕದ ಜಾಗದ ಅಂಚಿನಲ್ಲಿ ಒಂದು ಕಣಿಯಲ್ಲಿ ಬಂದು ನಮ್ಮ ಕೆರೆಗೆ ಬೀಳುತ್ತದೆ. ಅಜ್ಜನ ಕಾಲದಲ್ಲಿ ಅಡಕೆ ಮರದ ದಂಬೆ, ಅಂದರೆ ನೀರು ಹರಿಯಲು ಮರ ಸೀಳಿ ಟೊಳ್ಳು ಮಾಡಿದ ಕಾಲುವೆ, ಇಟ್ಟಿದ್ದರು. ಅದು ಕುಂಬಾದ ಮೇಲೆ ಹೊಸ ದಂಬೆ, ಅದೂ ಹೋದ ಮೇಲೆ ಪಿವಿಸಿ ಪೈಪು. ಪಕ್ಕದ ಜಾಗ ಮಾರಾಟವಾಯಿತು. ಕೊಂಡವರು ಪೈಪು ಕಡಿದು ಕಣಿಗೆ ಮಣ್ಣು ಹಾಕಿದರು.

ಮಾತುಕತೆಯಲ್ಲಿ ಮುಗಿಯಲಿಲ್ಲ. ಪಂಚಾಯತ್ ಮೆಂಬರು ಬಂದು ಹೋದರು. ಕೊನೆಗೆ ಜಿಲ್ಲೆಯ ಒಂದು ಸಿವಿಲ್ ಕೋರ್ಟಿನಲ್ಲಿ ಅಮ್ಮನ ಹೆಸರಿನಲ್ಲಿ ದಾವೆ ಹಾಕಿದೆವು. 1882ರ ಈಸ್‌ಮೆಂಟ್ಸ್ ಆಕ್ಟಿನ 15ನೇ ಸೆಕ್ಷನ್ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ನೀರು ತಂದಿದ್ದರೆ ಆ ಹಕ್ಕು ಉಳಿಯುತ್ತದೆ. ಹಾಗಾಗಿ ಇಡೀ ಕೇಸು ನಿಂತದ್ದು ಒಂದೇ ಮಾತಿನ ಮೇಲೆ: ಈ ನೀರು ಎಷ್ಟು ಕಾಲದಿಂದ ಈ ದಾರಿಯಲ್ಲಿ ಬರುತ್ತಿದೆ? ಅದನ್ನು ಹೇಳಬಲ್ಲವರು ಅಮ್ಮ ಮಾತ್ರ. ಅಜ್ಜ ಇಲ್ಲ, ಅಪ್ಪ ಇಲ್ಲ.

ಅಮ್ಮ ಹುಟ್ಟಿದಾಗ ನಮ್ಮ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅವರು ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದಾಗ, 1956ರ ನವೆಂಬರ್ 1ಕ್ಕೆ, ಊರು ಕೇರಳಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ವ್ಯವಹಾರಕ್ಕೆ ಸಾಕಾಗುವಷ್ಟು ಬಾಯಿಗೂ ಬರುತ್ತದೆ. ಕಟಕಟೆಯಲ್ಲಿ ನಿಂತು ವಕೀಲರ ಪ್ರಶ್ನೆಗೆ ಉತ್ತರ ಕೊಡುವಷ್ಟು ಬರುವುದಿಲ್ಲ. ಇದರಲ್ಲಿ ಅವರ ತಪ್ಪು ಏನೂ ಇಲ್ಲ.

ಪಾಟೀ ಸವಾಲಿನ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಮ್ಮ ಕನ್ನಡದಲ್ಲಿ ಉತ್ತರ ಕೊಡಲು ಶುರು ಮಾಡಿದರು. ಬೆಂಚ್ ಕ್ಲರ್ಕ್‌ಗೆ ಕನ್ನಡ ಗೊತ್ತಿತ್ತು, ಅವರು ಮಲಯಾಳದಲ್ಲಿ ಹೇಳುತ್ತಿದ್ದರು, ಜಡ್ಜ್ ಅದನ್ನು ಇಂಗ್ಲಿಷಿನಲ್ಲಿ ಸ್ಟೆನೋಗೆ ಹೇಳುತ್ತಿದ್ದರು. ಎರಡು ಮೂರು ಪ್ರಶ್ನೆ ಆದ ಮೇಲೆ ಜಡ್ಜ್ ಕೈ ಎತ್ತಿ ನಿಲ್ಲಿಸಿದರು. ಇಷ್ಟು ವರ್ಷ ಕೇರಳದಲ್ಲಿದ್ದು ಮಲಯಾಳ ಬರುವುದಿಲ್ಲ ಅಂದರೆ ನಾನು ನಂಬಬೇಕಾ, ಸುಳ್ಳು ಹೇಳಲು ಅನುಕೂಲ ಆಗುತ್ತದೆ ಅಂತ ಕನ್ನಡ ಹಿಡಿದುಕೊಂಡಿದ್ದಾರೆ ಅಂದರು. ಎಲ್ಲರ ಎದುರು, ಗಟ್ಟಿಯಾಗಿ. ಹಾಲಿನಲ್ಲಿ ಯಾರೋ ನಕ್ಕರು. ಅಮ್ಮನಿಗೆ ಮಾತು ಪೂರ್ತಿ ಅರ್ಥವಾಗಿದೆ ಅಂತ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಆಮೇಲೆ ಕ್ಲರ್ಕ್ ಸುಮ್ಮನಾದರು. ಅಮ್ಮ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ತಡವರಿಸುತ್ತಾ ಉತ್ತರ ಕೊಟ್ಟರು. ಸಾಕ್ಷಿ ಮುಗಿಯುವ ಮೊದಲೇ ಜಡ್ಜ್ ನಮ್ಮ ವಕೀಲರ ಕಡೆ ತಿರುಗಿ, ಈ ಕೇಸಿನಲ್ಲಿ ಏನೂ ಇಲ್ಲ, ವಾಪಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಖರ್ಚು ಸಮೇತ ವಜಾ ಮಾಡುತ್ತೇನೆ ಅಂತಲೂ ಹೇಳಿದರು. ಎದುರು ಪಾರ್ಟಿಯ ಒಬ್ಬ ಸಾಕ್ಷಿಯನ್ನೂ ಆಗ ಕೇಳಿರಲಿಲ್ಲ.

ಕೊನೆಗೆ ಕಾಗದ ಮುಂದಿಟ್ಟು ಸಹಿ ಹಾಕಿ ಅಂದರು. ಓದಿ ಹೇಳಲಿಲ್ಲ. ಅಮ್ಮ ಸಹಿ ಹಾಕಿದರು.

ಸರ್ಟಿಫೈಡ್ ಕಾಪಿ ಕೈಗೆ ಬಂದ ಮೇಲೆ ನೋಡಿದರೆ ಅದರಲ್ಲಿ ನೀರಿನ ಲೈನು ಇತ್ತೀಚೆಗೆ ಹಾಕಿದ್ದು ಅಂತ ಇತ್ತು. ಅಮ್ಮ ಹೇಳಿದ್ದು ಅದಲ್ಲ. ದಂಬೆ ಹಾಕಿದ್ದು ಮಾವ, ನಾನು ಮದುವೆಯಾಗಿ ಬರುವಾಗಲೇ ಅದರಲ್ಲಿ ನೀರು ಬರುತ್ತಿತ್ತು, ಪೈಪು ಮಾತ್ರ ಮೊನ್ನೆ ಮೊನ್ನೆ ಹಾಕಿದ್ದು ಅಂದಿದ್ದರು. ಮೊದಲ ಎರಡು ಮಾತು ಕಾಗದದಲ್ಲಿ ಇಲ್ಲ, ಮೂರನೆಯದು ಮಾತ್ರ ಇದೆ. 20 ವರ್ಷದ ಹಕ್ಕು ಆ ಒಂದು ಸಾಲಿನಲ್ಲಿ ಹೋಗಿಬಿಟ್ಟಿತ್ತು.

ಸಿವಿಲ್ ಪ್ರೊಸೀಜರ್ ಕೋಡ್ ಇದಕ್ಕೆ ಏನು ಹೇಳುತ್ತದೆ ಅಂತ ಆಮೇಲೆ ಓದಿದೆ. 18ನೇ ಆರ್ಡರಿನ 6ನೇ ರೂಲ್. ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿ, ಕೋರ್ಟು ಇನ್ನೊಂದರಲ್ಲಿ ಬರೆದುಕೊಂಡರೆ, ಆ ಭಾಷೆ ಸಾಕ್ಷಿಗೆ ಅರ್ಥವಾಗದಿದ್ದರೆ, ಬರೆದದ್ದನ್ನು ಸಾಕ್ಷಿ ಹೇಳಿದ ಭಾಷೆಯಲ್ಲಿಯೇ ಅವರಿಗೆ ವಿವರಿಸಬೇಕು. ಅದು ಜಡ್ಜ್ ಮನಸ್ಸು ಮಾಡಿದರೆ ಕೊಡುವ ಸೌಕರ್ಯ ಅಲ್ಲ. ಮಾಡಲೇಬೇಕಾದ ಕೆಲಸ. ಗಡಿಯಲ್ಲಿ ಇರುವ ನಮ್ಮಂಥವರು ಈ ರೂಲನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಇದಕ್ಕೆ ಇನ್ನೊಂದು ವಿಷಯ ಸೇರಿತು. ಕೆಲವು ವಾರ ಕಳೆದು ಎದುರು ಪಾರ್ಟಿಯ ಮನೆಯ ಮದುವೆ ರಿಸೆಪ್ಷನ್ನಿನ ಫೋಟೋಗಳು ಫೇಸ್‌ಬುಕ್‌ನಲ್ಲಿ ಬಂದವು. ಒಂದರಲ್ಲಿ ಜಡ್ಜ್ ಇದ್ದರು, ಮನೆಯವರ ಜೊತೆ ನಿಂತಿದ್ದರು. ಜಡ್ಜ್ ಆದವರು ಮದುವೆಗೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಸಣ್ಣ ಊರು, ಎಲ್ಲರೂ ಎಲ್ಲರಿಗೂ ಗೊತ್ತು. ಆದರೆ ಆ ಮನೆಯವರ ಕೇಸು ತಮ್ಮ ಮೇಜಿನ ಮೇಲೆ ಇರುವಾಗ ಹೋದರೆ, ಮರುದಿನ ಎರಡೂ ಕಡೆಯವರಿಗೆ ಹೇಳಬೇಕು ಅಲ್ವಾ? ನಿಮಗೆ ಆಕ್ಷೇಪ ಇದ್ದರೆ ಕೇಸು ಬಿಡುತ್ತೇನೆ ಅಂತ ಒಂದು ಮಾತು.

ನಮ್ಮ ವಕೀಲರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. "ಟೀಚರೇ, ನಿಮ್ಮ ಸಂಕಟ ನನಗೆ ಗೊತ್ತುಂಟು. ಆದರೆ ನಾಳೆ ಬೆಳಿಗ್ಗೆ ಪುನಃ ನಾನು ಅವರ ಮುಂದೆಯೇ ನಿಲ್ಲಬೇಕು. ನನ್ನ ಇನ್ನೊಂದಷ್ಟು ಕಕ್ಷಿದಾರರ ಕೇಸು ಅಲ್ಲೇ ಉಂಟು" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ವ್ಯವಸ್ಥೆಯ ದೊಡ್ಡ ತೊಂದರೆ ಇರುವುದೇ ಇಲ್ಲಿ: ಜಡ್ಜ್ ಹೇಗೆ ನಡೆದುಕೊಳ್ಳುತ್ತಾರೆ ಅಂತ ದಿನಾ ನೋಡುವವರು ವಕೀಲರು ಮತ್ತು ಸಿಬ್ಬಂದಿ, ಅವರಿಬ್ಬರಿಗೂ ಬಾಯಿ ಬಿಡಲು ಆಗುವುದಿಲ್ಲ. ಬಾಯಿ ಬಿಡಬಹುದಾದ ಕಕ್ಷಿದಾರನಿಗೆ ಕಾನೂನು ಗೊತ್ತಿಲ್ಲ. ವಕೀಲರು ಹೊರಡುವಾಗ ಕಂಟೆಂಪ್ಟ್, ಅಂದರೆ ನ್ಯಾಯಾಂಗ ನಿಂದನೆ, ಆಗದ ಹಾಗೆ ನೋಡಿಕೊಳ್ಳಿ ಅಂತ ಬೇರೆ ಹೇಳಿದರು. ಅಮ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಂಟೆಂಪ್ಟ್ ಭಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ನಿಂತುಬಿಡುವುದು ಇಲ್ಲಿಯೇ. 1971ರ ಕಂಟೆಂಪ್ಟ್ ಆಫ್ ಕೋರ್ಟ್ಸ್ ಆಕ್ಟಿನ 6ನೇ ಸೆಕ್ಷನ್ ಓದಿ. ಕೆಳಗಿನ ಕೋರ್ಟಿನ ಜಡ್ಜ್ ಬಗ್ಗೆ ಹೈಕೋರ್ಟಿಗೆ ಸದುದ್ದೇಶದಿಂದ ಕೊಟ್ಟ ಹೇಳಿಕೆ ನ್ಯಾಯಾಂಗ ನಿಂದನೆ ಆಗುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಎಲ್ಲಿ ಹೇಳುತ್ತೀರಿ, ಹೇಗೆ ಹೇಳುತ್ತೀರಿ ಅನ್ನುವುದೇ ಮುಖ್ಯ. ಅದೇ ಮಾತನ್ನು ಜಡ್ಜ್ ಹೆಸರು ಹಾಕಿ, ಲಂಚ ತಿಂದರು ಅಂತ ವಾಟ್ಸಾಪ್ ಗ್ರೂಪಿಗೆ ಬಿಟ್ಟರೆ ಈ ರಕ್ಷಣೆ ಸಿಗುವುದಿಲ್ಲ. ತಮ್ಮ ಹಾಗೇ ಮಾಡಲು ಹೊರಟಿದ್ದ. ಫೋನು ಕೆಳಗಿಡು ಅಂತ ಅಮ್ಮನೇ ಹೇಳಿದರು.

ನಮಗೆ ಸಹಾಯ ಮಾಡಿದವರು ಒಬ್ಬ ರಿಟೈರ್ಡ್ ಶಿರಸ್ತೇದಾರರು. ಹೆಸರು ಹೇಳುವುದು ಅವರಿಗೆ ಇಷ್ಟ ಇಲ್ಲ. ಅವರ ಮನೆ ಜಗಲಿಯಲ್ಲಿ ಕೂತು ನಾನು ಬರೆದುಕೊಂಡು ಹೋದ ದೂರನ್ನು ತೋರಿಸಿದೆ. ಅವರು ಕನ್ನಡಕ ಹಾಕಿ, ಪೆನ್ಸಿಲ್ ಹಿಡಿದು, ಒಂದೊಂದೇ ಪ್ಯಾರಾ ಅಡ್ಡ ಗೆರೆ ಎಳೆಯುತ್ತಾ ಬಂದರು. ಚಹಾ ಹೋಟೆಲಿನಲ್ಲಿ ಯಾರೋ ಹೇಳಿದ ದುಡ್ಡಿನ ಕಥೆಗೆ ಗೆರೆ. ಮಧ್ಯಂತರ ತಡೆಯಾಜ್ಞೆ ಕೊಡದೆ ಅನ್ಯಾಯ ಮಾಡಿದರು ಅನ್ನುವುದಕ್ಕೆ ಗೆರೆ. ನನಗೆ ಹೊಟ್ಟೆ ಉರಿಯಿತು. "ತಡೆಯಾಜ್ಞೆ ಕೊಡಲಿಲ್ಲ ಅಂದ್ರೆ ಅಪೀಲು ಹಾಕಿ ಟೀಚರೇ, ಅದು ಆರ್ಡರು. ನಿಮ್ಮ ಅಮ್ಮನಿಗೆ ಸುಳ್ಳಿ ಅಂದದ್ದು ಆರ್ಡರಲ್ಲ, ಅದು ನಡತೆ. ದೂರು ನಡತೆ ಮೇಲೆ ಮಾತ್ರ" ಅಂದರು.

ಈ ವ್ಯತ್ಯಾಸ ನನಗೆ ಆಗ ಬರೀ ತಾಂತ್ರಿಕ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ತಪ್ಪು ಆದೇಶ ಬರೆದ ಮಾತ್ರಕ್ಕೆ ಜಡ್ಜ್ ಮೇಲೆ ಶಿಸ್ತು ಕ್ರಮ ಇಲ್ಲ, ಹೊರಗಿನ ಬೇರೆ ಕಾರಣಕ್ಕೆ ಹಾಗೆ ಬರೆದರು ಅಂತ ಕಂಡರೆ ಮಾತ್ರ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ, 2019ರ ಕೃಷ್ಣ ಪ್ರಸಾದ್ ವರ್ಮಾ ತೀರ್ಪಿನಲ್ಲೂ ಅದನ್ನೇ ಹೇಳಿದೆ. ಅದು ಸರಿಯೇ. ಪ್ರತಿ ಕೇಸಿನಲ್ಲೂ ಒಬ್ಬರು ಸೋಲುತ್ತಾರೆ. ಸೋತವರೆಲ್ಲ ದೂರು ಬರೆದು ಜಡ್ಜನ್ನು ಓಡಾಡಿಸಬಹುದು ಅಂತಾದರೆ, ದುಡ್ಡಿರುವವನ ವಿರುದ್ಧ ತೀರ್ಪು ಬರೆಯಲು ಯಾವ ಜಡ್ಜ್‌ಗೂ ಧೈರ್ಯ ಬರುವುದಿಲ್ಲ. ನಾಳೆ ನಮ್ಮಂಥವರ ಪರವಾಗಿ ತೀರ್ಪು ಕೊಟ್ಟವರ ಮೇಲೂ ಅದೇ ಅಸ್ತ್ರ ಬರುತ್ತದೆ.

ಎರಡು ದಾರಿಯಲ್ಲಿ ಹೋದೆವು. ಒಂದು, ಕೇಸನ್ನು ಬೇರೆ ಕೋರ್ಟಿಗೆ ಹಾಕಿಸುವುದು. ಇನ್ನೊಂದು, ಹೈಕೋರ್ಟಿಗೆ ದೂರು. ಇವೆರಡೂ ಬೇರೆ ಬೇರೆ. ಒಂದರಿಂದ ಇನ್ನೊಂದು ತಾನಾಗಿ ಆಗುವುದಿಲ್ಲ.

ಕೇಸು ವರ್ಗಾವಣೆಗೆ ಸಿವಿಲ್ ಪ್ರೊಸೀಜರ್ ಕೋಡಿನ 24ನೇ ಸೆಕ್ಷನ್. ಅರ್ಜಿ ಹಾಕಬೇಕಾದ್ದು ವಿದ್ಯಾನಗರದ ಜಿಲ್ಲಾ ಕೋರ್ಟಿನಲ್ಲಿ. ಜಿಲ್ಲೆಯ ಇನ್ನೊಂದು ಊರಿನ ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸಿನ ವಕೀಲೆ, ವಕಾಲತ್ತು ತೆಗೆದುಕೊಂಡರು. ಅವರು ಹೇಳಿದ ಒಂದು ಮಾತಿನಿಂದ ನಮಗೆ ಎಷ್ಟೋ ಸಮಾಧಾನ ಆಯಿತು. ಜಡ್ಜ್ ನಿಜವಾಗಿ ಪಕ್ಷಪಾತ ಮಾಡಿದ್ದಾರೆ ಅಂತ ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಇಲ್ಲ ಅಂದರು. 1987ರ ರಂಜಿತ್ ಠಾಕೂರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಜಡ್ಜ್ ತನ್ನ ಮನಸ್ಸನ್ನು ನೋಡಿಕೊಂಡು ನಾನು ಪಕ್ಷಪಾತಿಯಾ ಅಂತ ಕೇಳಿಕೊಳ್ಳುವುದಲ್ಲ, ಎದುರಿಗೆ ನಿಂತ ಕಕ್ಷಿದಾರನ ಮನಸ್ಸನ್ನು ನೋಡಬೇಕು. ಅಮ್ಮನ ಜಾಗದಲ್ಲಿ ನಿಂತ ಯಾವ ಸಾಮಾನ್ಯ ಮನುಷ್ಯನಿಗೂ ಇಲ್ಲಿ ನನಗೆ ನ್ಯಾಯ ಸಿಗಲಾರದು ಅಂತ ಸಕಾರಣವಾಗಿ ಅನ್ನಿಸಿದರೆ ಸಾಕು.

ಎದುರು ಪಾರ್ಟಿ ಬಲವಾಗಿ ವಿರೋಧಿಸಿದರು. ಕೇಸು ಎಳೆಯಲು ಮಾಡಿದ ತಂತ್ರ ಅಂದರು. ಜಿಲ್ಲಾ ಜಡ್ಜ್ ಕೆಳಗಿನ ಕೋರ್ಟಿನಿಂದ ವಿವರಣೆ ತರಿಸಿಕೊಂಡರು. ಕೊನೆಗೆ ಬಂದ ಆದೇಶ ಚಿಕ್ಕದು. ನ್ಯಾಯಾಧಿಕಾರಿಯ ಬಗ್ಗೆ ಯಾವ ಅಭಿಪ್ರಾಯವನ್ನೂ ಹೇಳುತ್ತಿಲ್ಲ, ಕಕ್ಷಿದಾರರ ವಿಶ್ವಾಸದ ದೃಷ್ಟಿಯಿಂದ ದಾವೆಯನ್ನು ಬೇರೆ ಕೋರ್ಟಿಗೆ ವರ್ಗಾಯಿಸಲಾಗಿದೆ ಅಂತ. ನನಗೆ ಅಷ್ಟು ಸಾಕಾಗಿತ್ತು.

ಹೊಸ ಕೋರ್ಟಿನಲ್ಲಿ ಅಮ್ಮನನ್ನು ಪುನಃ ಕರೆಸಲು ಅರ್ಜಿ ಹಾಕಿದೆವು. 24ನೇ ಸೆಕ್ಷನ್ನಿನಲ್ಲೇ ಇದೆ, ವರ್ಗವಾಗಿ ಬಂದ ಕೇಸನ್ನು ಮೊದಲಿನಿಂದ ನಡೆಸಬಹುದು, ನಿಂತ ಕಡೆಯಿಂದಲೂ ಮುಂದುವರಿಸಬಹುದು. ಆ ಜಡ್ಜ್ ಕೂಡ ತೆಂಕಣ ಕೇರಳದವರೇ, ಕನ್ನಡ ಒಂದಕ್ಷರ ಬರುವುದಿಲ್ಲ. ಆದರೆ ಅಮ್ಮನಿಗೆ ಕುರ್ಚಿ ಕೊಡಿಸಿದರು. ಕನ್ನಡ ಬಲ್ಲ ಸಿಬ್ಬಂದಿಯನ್ನು ಪಕ್ಕದಲ್ಲಿ ನಿಲ್ಲಿಸಿದರು. ಮುಗಿದ ಮೇಲೆ ಬರೆದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿದರು. ದಂಬೆಯ ಜಾಗಕ್ಕೆ ಬಂದಾಗ ಅಮ್ಮ ತಡೆದರು. "ಒಂದು ದಂಬೆ ಅಲ್ಲ, ಮೂರು ಕಡೆ ದಂಬೆ ಇತ್ತು. ನಡುವಿನದ್ದು ಬಗಿನಿ ಮರದ್ದು" ಅಂದರು. ಜಡ್ಜ್ ಅದನ್ನೂ ಸೇರಿಸಿದರು. ಭಾಷೆ ಗೊತ್ತಿಲ್ಲದ್ದು ತೊಂದರೆಯೇ ಅಲ್ಲ ಅಂತ ನನಗೆ ಆ ದಿನ ಖಾತ್ರಿಯಾಯಿತು. ಕೇಳಿಸಿಕೊಳ್ಳುವ ಮನಸ್ಸು ಇದ್ದರೆ ಉಳಿದದ್ದಕ್ಕೆಲ್ಲ ರೂಲು ಇದೆ.

ಇನ್ನು ದೂರಿನ ಕಥೆ.

ಕೆಳಗಿನ ಕೋರ್ಟುಗಳ ಜಡ್ಜ್‌ಗಳ ಮೇಲಿನ ನಿಯಂತ್ರಣ ಸಂವಿಧಾನದ 235ನೇ ವಿಧಿಯ ಪ್ರಕಾರ ಹೈಕೋರ್ಟಿಗೆ ಸೇರಿದ್ದು. ಕಲೆಕ್ಟರಿಗೆ, ಮಂತ್ರಿಗೆ, ಪೊಲೀಸಿಗೆ ಬರೆದು ಪ್ರಯೋಜನ ಇಲ್ಲ. ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಹೆಸರಿಗೆ ಬರೆಯಬೇಕು. ಬರೀ ಕಾಗದ ಬರೆದರೆ ಆಗುವುದಿಲ್ಲ. 2014ರ ಅಕ್ಟೋಬರಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಎಲ್ಲ ಹೈಕೋರ್ಟುಗಳಿಗೂ ಬರೆದಿದ್ದರು: ಪ್ರಮಾಣ ಮಾಡಿದ ಅಫಿಡವಿಟ್ಟು ಮತ್ತು ಪರಿಶೀಲಿಸಲು ಆಗುವ ದಾಖಲೆ ಇಲ್ಲದಿದ್ದರೆ ಕೆಳಗಿನ ನ್ಯಾಯಾಂಗದವರ ಮೇಲಿನ ದೂರನ್ನು ತೆಗೆದುಕೊಳ್ಳಬೇಡಿ ಅಂತ. ಊರಲ್ಲಿ ಎಷ್ಟೋ ಜನ ನಾನು ಬರೆದೆ, ಏನೂ ಆಗಲಿಲ್ಲ ಅನ್ನುತ್ತಾರೆ. ಅಫಿಡವಿಟ್ಟು ಹಾಕಿದ್ದೀರಾ ಅಂತ ಕೇಳಿದರೆ ಇಲ್ಲ. ಅಂಥ ಕಾಗದ ಫೈಲಿಗೆ ಹೋಗಿ ಅಲ್ಲೇ ಮಲಗುತ್ತದೆ.

ಅಮ್ಮನದ್ದು ಒಂದು ಅಫಿಡವಿಟ್ಟು, ನನ್ನದು ಒಂದು. ಇಂಗ್ಲಿಷಿನಲ್ಲಿ ಮಾಡಿಸಿದೆವು. ಅಮ್ಮನದ್ದರ ಕೆಳಗೆ, ಇದನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಅವರು ಒಪ್ಪಿ ಸಹಿ ಮಾಡಿದ್ದಾರೆ ಅಂತ ಬರೆಸಿದೆವು. ನೋಟರಿಯ ಮುಂದೆ ಅಮ್ಮ ಪ್ರತಿ ಪ್ಯಾರಾ ಓದಿಸಿ ಕೇಳಿದ ಮೇಲೆಯೇ ಪೆನ್ನು ಹಿಡಿದರು. ನೋಟರಿಗೆ ಅವಸರ ಇತ್ತು. ಅಮ್ಮನಿಗೆ ಇರಲಿಲ್ಲ.

ಆಡಿದ ಮಾತಿಗೆ ಸಾಕ್ಷಿ ತರುವುದೇ ಕಷ್ಟವಾದದ್ದು. ಕೋರ್ಟ್ ಹಾಲಿನಲ್ಲಿ ಫೋನು ತೆಗೆಯುವಂತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಬೆಂಗಳೂರಿನ ಗೋರಿಪಾಳ್ಯದ ಬಗ್ಗೆ ಮತ್ತು ಒಬ್ಬ ವಕೀಲೆಗೆ ಹೇಳಿದ ಮಾತು ನೆನಪಿರಬಹುದು. ಲೈವ್ ಸ್ಟ್ರೀಮ್ ಇತ್ತು, ವಿಡಿಯೋ ಎಲ್ಲ ಕಡೆ ಹೋಯಿತು, ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಂಡಿತು, ಅವರು ತೆರೆದ ಕೋರ್ಟಿನಲ್ಲೇ ವಿಷಾದ ಹೇಳಿದರು. ಎಲ್ಲ ಒಂದು ವಾರದ ಒಳಗೆ. ಜಿಲ್ಲೆಯ ಮೂಲೆಯ ಕೋರ್ಟಿನಲ್ಲಿ ಕ್ಯಾಮರಾ ಇಲ್ಲ. ಅಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಮ್ಮ ಪರಿಚಯದ ಒಬ್ಬರು ಆ ದಿನ ಅಲ್ಲೇ ಇದ್ದರು, ಕೇಳಿದರೆ ಬೇಡ ಮಾರಾಯ್ರೇ, ನನ್ನದೂ ಒಂದು ಕೇಸು ಉಂಟು ಅಂದರು. ಇನ್ನೊಬ್ಬರು, ನಮಗೆ ಗುರುತೇ ಇಲ್ಲದವರು, ಬೇರೆ ಕೇಸಿಗೆ ಬಂದು ಕೂತಿದ್ದ ಒಬ್ಬ ಮಾಪಿಳ್ಳೆ ವ್ಯಾಪಾರಿ, ತಾನು ಕೇಳಿದ್ದನ್ನು ಅಫಿಡವಿಟ್ಟಿನಲ್ಲಿ ಬರೆದುಕೊಟ್ಟರು. ನನ್ನ ಉಮ್ಮಾಗೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಬಿಡುತ್ತಿದ್ದೆನಾ ಅಂದರು. ಆ ಮನುಷ್ಯನ ಋಣ ನಾನು ತೀರಿಸುವುದು ಹೇಗೆ ಅಂತ ಗೊತ್ತಿಲ್ಲ.

ಉಳಿದ ದಾಖಲೆಗಳು: ಸಾಕ್ಷಿ ಹೇಳಿಕೆಯ ಸರ್ಟಿಫೈಡ್ ಕಾಪಿ, ಓದಿ ವಿವರಿಸಲಾಗಿದೆ ಅನ್ನುವ ಸಾಲು ಅದರಲ್ಲಿ ಇರಲಿಲ್ಲ, ಅದೇ ನಮಗೆ ಗಟ್ಟಿ ಆಧಾರ ಆಯಿತು. ಆ ದಿನದ ಕೋರ್ಟ್ ನಡಾವಳಿಯ ಪ್ರತಿ. ಫೋಟೋ, ಅದರ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಸರ್ಟಿಫಿಕೇಟು. ಮೊದಲು ಇದನ್ನೇ 65ಬಿ ಅನ್ನುತ್ತಿದ್ದರು. ಫೋಟೋದ ಕೆಳಗೆ ನಾವು ಏನೂ ಸೇರಿಸಲಿಲ್ಲ. ಇಂಥ ದಿನ, ಇಂಥ ಕಡೆ, ಆಗ ಈ ನಂಬರಿನ ದಾವೆ ಇವರ ಮುಂದೆ ಬಾಕಿ ಇತ್ತು. ಅಷ್ಟೇ.

ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ತುಂಬ ದಿನ ಸುದ್ದಿ ಇರಲಿಲ್ಲ. ಮಳೆಗಾಲ ಮುಗಿದು ಅಡಕೆ ಕೊಯ್ಲು ಶುರುವಾದ ಮೇಲೆ ಹೇಳಿಕೆ ಕೊಡಲು ಬರಬೇಕು ಅಂತ ನೋಟಿಸು ಬಂತು. ಹಿರಿಯ ನ್ಯಾಯಾಧಿಕಾರಿಯೊಬ್ಬರು ಛೇಂಬರಿನಲ್ಲಿ ಕೂರಿಸಿ ಕೇಳಿದರು. ಸುಮ್ನೆ ಶಾಸ್ತ್ರಕ್ಕೆ ಕೇಳಿದ ಹಾಗೆ ಇರಲಿಲ್ಲ. ಜಡ್ಜ್ ಯಾವ ಭಾಷೆಯಲ್ಲಿ ಹೇಳಿದರು, ಆಗ ಕ್ಲರ್ಕ್ ಎಲ್ಲಿ ನಿಂತಿದ್ದರು, ನೀವು ಕೂತ ಜಾಗದಿಂದ ಕೇಳಿಸುತ್ತಿತ್ತಾ, ಆ ದಿನವೇ ಯಾಕೆ ಆಕ್ಷೇಪ ಹಾಕಲಿಲ್ಲ. ಕೊನೆಯ ಪ್ರಶ್ನೆಗೆ ಅಮ್ಮ ಉತ್ತರ ಕೊಟ್ಟರು. "ಆ ದಿನ ನನ್ನ ಬಾಯಿಯಿಂದ ಸ್ವರವೇ ಬರಲಿಲ್ಲ ಸ್ವಾಮೀ."

ಆಮೇಲೆ ಬೇಸಿಗೆಯ ವರ್ಗಾವಣೆ ಪಟ್ಟಿಯಲ್ಲಿ ಆ ಜಡ್ಜ್ ಬೇರೆ ಜಿಲ್ಲೆಗೆ ಹೋದರು. ನಿಮ್ಮ ದೂರಿನಿಂದಲೇ ಹೋದದ್ದು ಅಂತ ಊರವರು ಬಂದು ಕೈ ಕುಲುಕಿದರು. ನಾನು ಹಾಗೆ ಹೇಳಲಾರೆ. ಜಡ್ಜ್‌ಗಳು ಕೆಲವು ವರ್ಷಕ್ಕೊಮ್ಮೆ ಊರು ಬದಲಿಸುವುದು ಮಾಮೂಲು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಪತ್ರ ಬಂತು: ದೂರನ್ನು ಪರಿಶೀಲಿಸಲಾಗಿದೆ, ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಸುಳ್ಳು ದೂರು ಅಂತ ಮುಗಿಸಿದರಾ? ಎಚ್ಚರಿಕೆ ಕೊಟ್ಟು ಮುಗಿಸಿದರಾ? ಅವರ ಸೇವಾ ದಾಖಲೆಯಲ್ಲಿ ಒಂದು ಸಾಲು ಬರೆದರಾ? ಪತ್ರದಲ್ಲಿ ಯಾವುದೂ ಇಲ್ಲ.

ಅಮ್ಮ ಪತ್ರವನ್ನು ಕನ್ನಡದಲ್ಲಿ ಹೇಳಿಸಿಕೊಂಡು, "ಹಾಗಾದ್ರೆ ನಾನು ಸುಳ್ಳು ಹೇಳಿದ್ದು ಅಂತಾಯ್ತಾ ಮಗಾ?" ಅಂತ ಕೇಳಿದರು. ಅಲ್ಲ ಅಮ್ಮ ಅಂದೆ. ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಇದು ನಮ್ಮ ಜಿಲ್ಲೆಗೆ, ನಮ್ಮ ರಾಜ್ಯಕ್ಕೆ ಮಾತ್ರ ಸೇರಿದ ವಿಷಯ ಅಲ್ಲ. ದೇಶದ ಮೇಲಿನ ಹಂತದಲ್ಲೂ ಇದೇ ಇದೆ. ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ತೆಗೆಯುವುದು ಸಂಸತ್ತಿನಿಂದ ಮಾತ್ರ ಸಾಧ್ಯ. ಲೋಕಸಭೆಯ 100 ಸದಸ್ಯರು ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು, 1968ರ ಜಡ್ಜಸ್ ಇನ್‌ಕ್ವೈರಿ ಆಕ್ಟ್ ಪ್ರಕಾರ ಮೂವರ ಸಮಿತಿ ತನಿಖೆ ಮಾಡಬೇಕು, ಎರಡೂ ಸದನದಲ್ಲಿ ವಿಶೇಷ ಬಹುಮತ ಬೇಕು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಮೇಲೆ ಸಮಿತಿ ಆರೋಪ ಸಾಬೀತಾಗಿದೆ ಅಂದ ಮೇಲೂ ಲೋಕಸಭೆಯಲ್ಲಿ 196 ಮಂದಿ ಪರ ಮತ ಹಾಕಿದರು, 205 ಮಂದಿ ಮತವನ್ನೇ ಹಾಕದೆ ಕೂತರು. ನಿರ್ಣಯ ಬಿದ್ದುಹೋಯಿತು. 2011ರಲ್ಲಿ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ಮತ ಹಾಕಿತು, ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಅಷ್ಟು ದೊಡ್ಡದಲ್ಲದ ತಪ್ಪುಗಳಿಗೆ ಅಂತ ಸುಪ್ರೀಂ ಕೋರ್ಟು 1999ರಲ್ಲಿ ಆಂತರಿಕ ವಿಚಾರಣೆಯ ಪದ್ಧತಿ ತಂದಿತು. ಅಂಥ ವಿಚಾರಣೆಯ ವರದಿ ಬಹಿರಂಗ ಮಾಡಿ ಅಂತ ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಕೇಳಿದ್ದಕ್ಕೆ 2003ರಲ್ಲಿ ಅದೇ ಕೋರ್ಟು ಆಗುವುದಿಲ್ಲ ಅಂದಿತು. ಅದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ಸಂಬಂಧಿಸಿದ್ದು. ಆದರೆ 2025ರ ಮಾರ್ಚಿನಲ್ಲಿ ದೆಹಲಿಯ ನ್ಯಾಯಮೂರ್ತಿ ಯಶವಂತ ವರ್ಮಾ ಮನೆಯ ಬೆಂಕಿ ಮತ್ತು ಸುಟ್ಟ ನೋಟಿನ ವಿಷಯ ಬಂದಾಗ ಸುಪ್ರೀಂ ಕೋರ್ಟೇ ದಾಖಲೆ ಮತ್ತು ವಿಡಿಯೋವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿತು. ಹಾಕಿದ್ದರಿಂದ ನ್ಯಾಯಾಂಗದ ಮರ್ಯಾದೆ ಹೋಯಿತು ಅಂತ ನನಗೆ ಅನ್ನಿಸಲಿಲ್ಲ. ಮುಚ್ಚಿಟ್ಟಿದ್ದರೆ ಹೋಗುತ್ತಿತ್ತು. ದೆಹಲಿಯ ಬಂಗಲೆಗೆ ಆಗುವುದು ನಮ್ಮ ಊರಿನ ಕೋರ್ಟಿಗೆ ಯಾಕೆ ಆಗಬಾರದು?

ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 8ನೇ ಸೆಕ್ಷನ್ನಿನ 1(ಜೆ) ಪ್ರಕಾರ ಅಧಿಕಾರಿಯ ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ ಅಂತ ಉತ್ತರ ಬಂತು. ನೌಕರನ ಮೇಲಿನ ಶಿಸ್ತು ಕ್ರಮದ ವಿವರ ವೈಯಕ್ತಿಕ ಅಂತ 2012ರ ಗಿರೀಶ್ ದೇಶಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದನ್ನೇ ತೋರಿಸಿದರು. ಮೊದಲ ಮೇಲ್ಮನವಿಯಲ್ಲೂ ಅದೇ ಆಯಿತು. 90 ದಿನದ ಒಳಗೆ ಎರಡನೇ ಮೇಲ್ಮನವಿ ರಾಜ್ಯ ಮಾಹಿತಿ ಆಯೋಗಕ್ಕೆ ಹಾಕಬಹುದು. ಹಾಕಿದ್ದೇನೆ. ಅದರಲ್ಲಿ ಆ ಜಡ್ಜ್‌ಗೆ ಯಾವ ಶಿಕ್ಷೆ ಆಯಿತು ಅಂತ ನಾನು ಕೇಳಿಲ್ಲ, ಅವರ ಸೇವಾ ದಾಖಲೆ ಕೇಳಿಲ್ಲ. ಕೇಳಿದ್ದು ಇಷ್ಟೇ: ನಮ್ಮ ಹೇಳಿಕೆ ತೆಗೆದುಕೊಂಡ ಮೇಲೆ ವರದಿ ಬಂದಿದೆಯೇ, ಅಮ್ಮ ಹೇಳಿದ್ದು ನಿಜ ಅಂತ ಕಂಡುಬಂದಿದೆಯೇ ಇಲ್ಲವೇ. ಅದು ಅಮ್ಮನ ಬಗ್ಗೆಯೂ ಇರುವ ಮಾಹಿತಿ. ತನ್ನ ಮಾತು ನಿಜವೋ ಸುಳ್ಳೋ ಅಂತ ಬರೆದಿಟ್ಟ ಕಾಗದವನ್ನು ನೋಡುವ ಹಕ್ಕು ಅವರಿಗೆ ಇದೆ. ವಿಚಾರಣೆಯ ತಾರೀಕು ಇನ್ನೂ ಬಂದಿಲ್ಲ. ಬಂದಾಗ ಅಮ್ಮನೂ ಬರುತ್ತಾರಂತೆ.